ಪಾರಂಪಳ್ಳಿ ಯಜ್ಞನಾರಾಯಣ ಮಯ್ಯ: ಮಡಿಯಿಂದ ಶುಚಿಗೆ

ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್, ಎಲ್ಲರ ಬಾಯಲ್ಲಿ ಎಂ.ಟಿ.ಆರ್., ಎಂಬ ಹೆಸರನ್ನು ಕೇಳದ ಕನ್ನಡಿಗರು ವಿರಳ. ಲಾಸ್ ಏಂಜಲೀಸ್ ನಗರದ ವಾಯವ್ಯ ಅಂಚಿನ ಪೋರ್ಟರ್ ರ್ಯಾಂಚ್‌ನಲ್ಲಿ ನೆಲೆಸಿರುವ ನಮ್ಮಂಥವರ ಅಡುಗೆಮನೆಯ ಗೂಡುಗಳಲ್ಲಿಯೂ ಆ ಮೂರಕ್ಷರದ ಪೊಟ್ಟಣ ಒಂದಾದರೂ ಇರುತ್ತದೆ. ಆ ಹೆಸರಿಗೆ ಮರ್ಯಾದೆ ಗಳಿಸಿಕೊಟ್ಟ ಯಜ್ಞನಾರಾಯಣ ಮಯ್ಯರನ್ನು ರವೆ ಇಡ್ಲಿಯ ನೆಪದಲ್ಲಿ ನೆನೆಯುವುದು ರೂಢಿ. ವೈದ್ಯನ ಕಣ್ಣಿಗಾದರೋ ಅವರು ತಟ್ಟೆಗೆ ಬಡಿಸಿದ ತಿಂಡಿಗಿಂತ ಆ ತಟ್ಟೆಯನ್ನು ತೊಳೆಸಿದ ಬಗೆಯೇ ದೊಡ್ಡದಾಗಿ ಕಾಣುತ್ತದೆ.

ಮಯ್ಯರ ಮೂಲ ಇಂದಿನ ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿಯ ಪಾರಂಪಳ್ಳಿ. ಆಗ ಅದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಬೆಂಗಳೂರು ಮೈಸೂರು ಅರಸರ ಸೀಮೆ. 1920ರ ಸುಮಾರಿಗೆ ಪರಮೇಶ್ವರ, ಗಣಪ್ಪಯ್ಯ, ಯಜ್ಞನಾರಾಯಣ ಎಂಬ ಮೂವರು ಸೋದರರು ಘಟ್ಟ ಹತ್ತಿ ಬೆಂಗಳೂರಿಗೆ ಬಂದು ಅನುಕೂಲಸ್ಥರ ಮನೆಗಳಲ್ಲಿ ಅಡುಗೆಗೆ ನಿಂತರು. 1924ರಲ್ಲಿ ಪರಮೇಶ್ವರ ಮಯ್ಯರು ತಮ್ಮಂದಿರ ನೆರವಿನಿಂದ ಲಾಲ್‌ಬಾಗ್ ಫೋರ್ಟ್ ರಸ್ತೆಯಲ್ಲಿ ಕಾಫಿ ಮತ್ತು ಇಡ್ಲಿಯ ಒಂದು ಪುಟ್ಟ ಹೋಟೆಲು ತೆರೆದು ಅದಕ್ಕೆ ಬ್ರಾಹ್ಮಣ ಕಾಫಿ ಕ್ಲಬ್ ಎಂದು ಹೆಸರಿಟ್ಟರು. ಐದೇ ವರ್ಷಗಳಲ್ಲಿ, 1929ರಲ್ಲಿ, ಅಣ್ಣ ತೀರಿಕೊಂಡಾಗ ಹೋಟೆಲಿನ ಭಾರ ಯಜ್ಞನಾರಾಯಣರ ಹೆಗಲಿಗೆ ಬಂದಿತು.

ಆ ಕಾಲದ ಗ್ರಾಹಕನಿಗೆ ಹೋಟೆಲಿನ ಹೆಸರೇ ಒಂದು ಆಶ್ವಾಸನೆಯಾಗಿತ್ತು. ಹೊರಗೆ ಉಣ್ಣುವುದೇ ಸಂಕೋಚದ ಸಂಗತಿಯಾಗಿದ್ದಾಗ ಅಡುಗೆಯವನ ಜಾತಿ ಅನ್ನದ ಶುದ್ಧಿಯನ್ನು ಸಾರುತ್ತಿತ್ತು. ಈ ಮಡಿಯ ಕಲ್ಪನೆಯಲ್ಲಿ ಸ್ನಾನ, ಒಗೆದ ಬಟ್ಟೆ, ಎಂಜಲಿನ ಎಚ್ಚರ ಮುಂತಾದ ಒಳ್ಳೆಯ ಅಭ್ಯಾಸಗಳಿದ್ದುವು. ಅದರೊಡನೆ ಮನುಷ್ಯರನ್ನು ದೂರವಿಡುವ ಕ್ರೌರ್ಯವೂ ಇತ್ತು. ರೋಗಾಣುವಿಗೆ ಇದಾವುದೂ ತಿಳಿಯದು. ವಿಷಮಶೀತ ಜ್ವರ ಮತ್ತು ಕಾಲರಾ ಕಲುಷಿತ ನೀರು, ಕೈ ಮತ್ತು ಆಹಾರದ ಮೂಲಕ ಹರಡುತ್ತವೆ. ಮಡಿಯುಟ್ಟವನ ಪಿತ್ತಕೋಶದಲ್ಲಿಯೂ ವಿಷಮಶೀತದ ರೋಗಾಣು ಲಕ್ಷಣವೇ ತೋರದೆ ವರ್ಷಗಟ್ಟಲೆ ನೆಲೆಸಬಲ್ಲುದು. ಆ ಜ್ವರಕ್ಕೆ ಕ್ಲೋರಾಂಫೆನಿಕಾಲ್ ಎಂಬ ಔಷಧ ದೊರೆತದ್ದು 1948ರಲ್ಲಿ. ಅದಕ್ಕೂ ಹಿಂದೆ ಹತ್ತು ರೋಗಿಗಳಲ್ಲಿ ಒಬ್ಬರಾದರೂ ಸಾಯುತ್ತಿದ್ದರು. ಅನೇಕರು ಬಳಸಿದ ಲೋಟವನ್ನು ಒಂದೇ ತೊಟ್ಟಿಯ ನೀರಿನಲ್ಲಿ ಅದ್ದಿ ತೆಗೆಯುವ ಹೋಟೆಲು ಎಷ್ಟೇ ಮಡಿಯಾಗಿದ್ದರೂ ಅಪಾಯದ ಸ್ಥಳವೇ ಆಗಿತ್ತು.

ಎರಡನೆಯ ಮಹಾಯುದ್ಧ ಬೇರೊಂದು ಸಂಕಟ ತಂದಿತು. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿನ ಅಕ್ಕಿ ಭಾರತಕ್ಕೆ ಬರುವುದು ನಿಂತಿತು, ಅಕ್ಕಿಯಿಲ್ಲದೆ ಇಡ್ಲಿಯಿಲ್ಲ. ಅಂದಿನ ಕೊರತೆಯಲ್ಲಿ ಗೋಧಿ ರವೆಯನ್ನು ಮೊಸರಿನಲ್ಲಿ ಕಲಸಿ, ಒಗ್ಗರಣೆ ಬೆರೆಸಿ, ಹಬೆಯಲ್ಲಿ ಬೇಯಿಸಿದ ಪ್ರಯೋಗವೇ ರವೆ ಇಡ್ಲಿಯಾಯಿತೆಂದು ಎಂ.ಟಿ.ಆರ್. ಹೇಳಿಕೊಂಡು ಬಂದಿದೆ. ಅಕ್ಕಿ ಮರಳಿ ಬಂದ ಮೇಲೂ ಆ ತಿಂಡಿ ಉಳಿಯಿತು. ಕೊರತೆಗೆ ಹುಟ್ಟಿದ್ದು ರುಚಿಯಿಂದಲೇ ನಿಂತಿತು.

1951ರಲ್ಲಿ ಮಯ್ಯರು ಯೂರೋಪಿಗೆ ಪ್ರಯಾಣ ಮಾಡಿದರು. ಅಲ್ಲಿನ ಉಪಾಹಾರ ಗೃಹಗಳು ಹೇಗೆ ನಡೆಯುತ್ತವೆಂದು ನೋಡಿ ಕಲಿಯುವುದೇ ಅವರ ಉದ್ದೇಶವಾಗಿತ್ತು. ಕಡಲು ದಾಟುವುದಕ್ಕೆ ಸಂಪ್ರದಾಯಸ್ಥರ ಆಕ್ಷೇಪ ಇನ್ನೂ ಪೂರ್ತಿ ಅಳಿಯದ ಕಾಲವದು. ಮರಳಿದವರು ತಮ್ಮ ಅಡುಗೆಮನೆಯ ತಿಂಡಿಗಳನ್ನು ಬದಲಿಸಲಿಲ್ಲ, ಬದಲಾದದ್ದು ಶಿಸ್ತು. ಲೋಟ, ತಟ್ಟೆ, ಚಮಚಗಳನ್ನು ಹಬೆಯಲ್ಲಿ ಕ್ರಿಮಿರಹಿತಗೊಳಿಸುವ ಏರ್ಪಾಡನ್ನು ತಂದರು. ಅಡುಗೆಮನೆಯನ್ನು ಗ್ರಾಹಕರು ಕಣ್ಣಾರೆ ಕಾಣುವುದಕ್ಕೆ ಅವಕಾಶವಿತ್ತರು. ಆಹಾರ ಮತ್ತು ಜೀವನಕ್ರಮವನ್ನು ಕುರಿತು ಕಿರುಹೊತ್ತಗೆಗಳನ್ನು ಅಚ್ಚು ಹಾಕಿಸಿ ಹಂಚಿದರು.

ಹಬೆಯ ಮಹತ್ವವನ್ನು ಸ್ವಲ್ಪ ವಿವರಿಸಬೇಕು. ಒಣ ಶಾಖಕ್ಕಿಂತ ತೇವದ ಶಾಖ ರೋಗಾಣುವಿನ ಪ್ರೋಟೀನುಗಳನ್ನು ಬೇಗ ಕೆಡಿಸುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದು 97 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ಬೇಕಾದ 121 ಡಿಗ್ರಿ ಒತ್ತಡವಿಲ್ಲದೆ ದೊರೆಯದು. ಆದರೆ ವಿಷಮಶೀತ ಮತ್ತು ಕಾಲರಾದ ರೋಗಾಣುಗಳನ್ನು ಕೊಲ್ಲಲು ಅಷ್ಟು ಬೇಕಿಲ್ಲ. ಇಡ್ಲಿ ಬೇಯುವ ಹಬೆಯೇ ಧಾರಾಳ ಸಾಕು.

1960ರಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೆಸರು ಹೋಗಿ ಬಡಾವಣೆಯ ಹೆಸರು ಬಂದಿತು. ಸಾರ್ವಜನಿಕ ಉಪಾಹಾರ ಗೃಹಗಳ ಪ್ರವೇಶದಲ್ಲಿ ಜಾತಿಭೇದ ಮಾಡಕೂಡದೆಂದು ಭಾರತದ ಸಂವಿಧಾನ 1950ರಲ್ಲಿಯೇ ವಿಧಿಸಿತ್ತು. ಮಯ್ಯರ ಮನಸ್ಸಿನಲ್ಲಿದ್ದ ಕಾರಣ ಏನೇ ಇರಲಿ, ಹೆಸರು ಬದಲಾಗುವ ಹೊತ್ತಿಗೆ ಗ್ರಾಹಕನ ವಿಶ್ವಾಸಕ್ಕೆ ಹೊಸ ಆಧಾರ ಸಿದ್ಧವಾಗಿತ್ತು. ಅಡುಗೆಯವನು ಯಾರು ಎಂಬ ಪ್ರಶ್ನೆಯ ಜಾಗದಲ್ಲಿ ಅಡುಗೆಮನೆ ಹೇಗಿದೆ ಎಂಬ ಪ್ರಶ್ನೆ ಬಂದಿತು. ಎರಡನೆಯದಕ್ಕೆ ಯಾರು ಬೇಕಾದರೂ ಹೋಗಿ ನೋಡಿ ಉತ್ತರ ಕಂಡುಕೊಳ್ಳಬಹುದು.

ಯಜ್ಞನಾರಾಯಣ ಮಯ್ಯರು 1968ರಲ್ಲಿ ತೀರಿಕೊಂಡರು. ಅವರು ಹಾಕಿದ ಶಿಸ್ತಿಗೆ ಪರೀಕ್ಷೆ ಬಂದದ್ದು ಅನಂತರ, 1975ರ ತುರ್ತುಪರಿಸ್ಥಿತಿಯಲ್ಲಿ. ಹೋಟೆಲು ತಿಂಡಿಗಳನ್ನು ಅತಿ ಕಡಿಮೆ ಬೆಲೆಗೆ ಮಾರಬೇಕೆಂದು ಸರಕಾರ ಕಟ್ಟುಮಾಡಿದಾಗ ತುಪ್ಪಕ್ಕೆ ಬದಲು ಅಗ್ಗದ ಕೊಬ್ಬು ಬಳಸುವ ದಾರಿ ತೆರೆದಿತ್ತು. ಹರಿಶ್ಚಂದ್ರ ಮಯ್ಯರ ನೇತೃತ್ವದಲ್ಲಿದ್ದ ಕುಟುಂಬ ಗುಣಮಟ್ಟ ಇಳಿಸಲೊಪ್ಪದೆ ನಷ್ಟ ಅನುಭವಿಸಿ ಹೋಟೆಲನ್ನೇ ಮುಚ್ಚಿತು. ಕೆಲಸಗಾರರನ್ನು ಉಳಿಸಿಕೊಳ್ಳಲು ಸಿದ್ಧ ಮಿಶ್ರಣಗಳ ಮಾರಾಟದತ್ತ ಹೆಚ್ಚು ಗಮನ ಹರಿಸಿತು. ನಮ್ಮ ಗೂಡಿನ ಪೊಟ್ಟಣ ಆ ಬೆಳವಣಿಗೆಯ ಫಲ. ಪೊಟ್ಟಣದ ಉದ್ಯಮ 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆಯ ಪಾಲಾಯಿತು. ಹೋಟೆಲು ಮಾತ್ರ ಮಯ್ಯರ ಮನೆತನದಲ್ಲಿಯೇ ಉಳಿಯಿತು. ಹೆಸರೊಂದೇ ಆದರೂ ಇವೆರಡೂ ಬೇರೆ ಬೇರೆ ಎಂಬುದನ್ನು ಹೊರನಾಡಿನ ಕನ್ನಡಿಗರು ಮರೆಯಬಾರದು.

ಮನೆಯಡುಗೆ ಹೋಟೆಲಾಗಿ ಬೆಳೆಯುವ ಇಂಥ ಕಥೆ ನಾವಿರುವ ಲಾಸ್ ಏಂಜಲೀಸ್‌ನಲ್ಲಿಯೂ ಇದೆ. ಕ್ಯೂಬಾ ಬಿಡಲು ಅರ್ಜಿ ಹಾಕಿ ನೌಕರಿ ಕಳೆದುಕೊಂಡ ರೋಸಾ ಪೋರ್ಟೊ ಅಲ್ಲಿ ಮನೆಯಲ್ಲಿಯೇ ಕೇಕು ಮಾಡಿ ಮಾರುತ್ತಿದ್ದರು. ಇಲ್ಲಿಗೆ ಬಂದು 1976ರಲ್ಲಿ ಸಿಲ್ವರ್ ಲೇಕ್‌ನಲ್ಲಿ ಪುಟ್ಟ ಬೇಕರಿ ತೆರೆದರು. ಅದನ್ನು ಬೆಳೆಸಿದವರು ಅವರ ಮಕ್ಕಳು. ಇಲ್ಲಿನ ಹೋಟೆಲುಗಳ ಕಿಟಕಿಯಲ್ಲಿ ಕಾಣುವ ಎ, ಬಿ, ಸಿ ದರ್ಜೆಯ ಫಲಕವನ್ನು ಲಾಸ್ ಏಂಜಲೀಸ್ ಕೌಂಟಿ ಜಾರಿಗೆ ತಂದದ್ದು 1998ರಲ್ಲಿ. ತಪಾಸಣೆಯಲ್ಲಿ ನೂರಕ್ಕೆ 90 ಅಥವಾ ಹೆಚ್ಚು ಅಂಕ ಗಳಿಸಿದವರಿಗೆ ಎ. ಬಾಗಿಲಲ್ಲಿ ನಿಂತ ಅಪರಿಚಿತನಿಗೂ ಅಡುಗೆಮನೆಯ ಸ್ಥಿತಿ ತಿಳಿಯಲೆಂಬುದೇ ಅದರ ತತ್ತ್ವ. ಕಾನೂನಿನ ಬಲದಿಂದ ಇಲ್ಲಿ ನಡೆಯುವ ಈ ಕೆಲಸವನ್ನು ಮಾವಳ್ಳಿಯ ಹೋಟೆಲಿಗ ಅದಕ್ಕಿಂತ ನಾಲ್ಕು ದಶಕಗಳ ಹಿಂದೆಯೇ, ಯಾರ ಒತ್ತಾಯವೂ ಇಲ್ಲದೆ, ತನ್ನ ಖರ್ಚಿನಲ್ಲಿ ಮಾಡಿದ್ದರು. ತಿಂದವರಿಗೆ ಬಾರದೆ ಹೋದ ಜ್ವರವನ್ನು ಯಾರೂ ಎಣಿಸುವುದಿಲ್ಲ. ಆದ್ದರಿಂದಲೇ ಮಯ್ಯರ ಈ ಉಪಕಾರ ರವೆ ಇಡ್ಲಿಯಷ್ಟು ಪ್ರಸಿದ್ಧವಾಗಲಿಲ್ಲ.