ಅಮರನಾಥಕ್ಕೆ ನಡೆದ ಸೋದರಿ ನಿವೇದಿತಾ

ಇವತ್ತು ಹೃಷೀಕೇಶದ ಗಂಗಾತೀರದಲ್ಲೋ ತಿರುವಣ್ಣಾಮಲೆಯ ಗಿರಿಪ್ರದಕ್ಷಿಣೆಯಲ್ಲೋ ಕೊರಳಲ್ಲಿ ರುದ್ರಾಕ್ಷಿ ಹಾಕಿಕೊಂಡ ವಿದೇಶೀಯರನ್ನು ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ದೇವಸ್ಥಾನಗಳಿವೆ, ಭಜನೆ ನಡೆಯುತ್ತದೆ, ಗೀತೆಯ ಪಾಠ ನಡೆಯುತ್ತದೆ. 1898ರಲ್ಲಿ ಕಾಲ ಹೀಗಿರಲಿಲ್ಲ. ಆ ವರ್ಷ ಅಮರನಾಥ ಗುಹೆಗೆ ಹೊರಟ ಎರಡು ಮೂರು ಸಾವಿರ ಯಾತ್ರಿಕರ ಮಧ್ಯೆ ಮೂವತ್ತು ವರ್ಷದ ಒಬ್ಬ ಬಿಳಿಯ ಹೆಣ್ಣುಮಗಳು ಇದ್ದಳು. ಪರದೇಶಿಯರ ಡೇರೆ ತಮ್ಮ ನಡುವೆ ಬೇಡ, ದೂರ ಹಾಕಿಸಿ ಅಂತ ಸಾಧುಗಳು ಪಟ್ಟು ಹಿಡಿದರು. ಆಕೆಯೇ ಸ್ವಾಮಿ ವಿವೇಕಾನಂದರ ಶಿಷ್ಯೆ ನಿವೇದಿತಾ.

ಮೊದಲಿನ ಹೆಸರು ಮಾರ್ಗರೆಟ್ ಎಲಿಜಬೆತ್ ನೋಬಲ್. ಹುಟ್ಟಿದ್ದು 1867ರ ಅಕ್ಟೋಬರ್ 28ರಂದು, ಐರ್ಲೆಂಡಿನ ಡಂಗನನ್ ಎಂಬ ಊರಿನಲ್ಲಿ. ತಂದೆ ಕ್ರೈಸ್ತ ಧರ್ಮಬೋಧಕರು. ಚೊಚ್ಚಲ ಹೆರಿಗೆಗೆ ಹೆದರಿದ್ದ ತಾಯಿ, ಮಗು ಸುಖವಾಗಿ ಹುಟ್ಟಿದರೆ ದೇವರ ಕೆಲಸಕ್ಕೇ ಬಿಡುತ್ತೇನೆಂದು ಹರಕೆ ಹೊತ್ತಿದ್ದರಂತೆ. ಹತ್ತು ವರ್ಷಕ್ಕೇ ತಂದೆ ತೀರಿಕೊಂಡರು. ಹದಿನೇಳನೇ ವಯಸ್ಸಿಗೆ ಮಾರ್ಗರೆಟ್ ಶಾಲೆಯ ಉಪಾಧ್ಯಾಯಿನಿ. ಮುಂದೆ ಲಂಡನ್ನಿನ ಪಕ್ಕದ ವಿಂಬಲ್ಡನ್ನಿನಲ್ಲಿ ಸ್ವಂತ ಶಾಲೆ ತೆರೆದರು. ಹೊರಗೆ ಎಲ್ಲವೂ ಸರಿಯಾಗಿತ್ತು. ಒಳಗೆ ಮಾತ್ರ, ಬಾಲ್ಯದಿಂದ ನಂಬಿಕೊಂಡು ಬಂದ ಮತದ ಬಗ್ಗೆ ಹದಿನೆಂಟರ ಪ್ರಾಯದಲ್ಲೇ ಸಂಶಯ ಹುಟ್ಟಿ, ಮನಸ್ಸು ಎಲ್ಲೂ ನೆಲೆ ನಿಲ್ಲದೆ ಅಲೆಯುತ್ತಿತ್ತು. ಬುದ್ಧನ ಚರಿತ್ರೆ ಓದಿದ್ದರು. ಅದರಿಂದ ಸ್ವಲ್ಪ ಸಮಾಧಾನ ಸಿಕ್ಕಿತ್ತು, ಅಷ್ಟೆ.

1895ರ ನವೆಂಬರಿನ ಒಂದು ಭಾನುವಾರ, ಲಂಡನ್ನಿನ ಮನೆಯೊಂದರಲ್ಲಿ ಹದಿನೈದು ಹದಿನಾರು ಜನರ ಎದುರು ವಿವೇಕಾನಂದರು ಮಾತಾಡಿದರು. ಷಿಕಾಗೋ ಸಭೆ ಆಗಿ ಎರಡು ವರ್ಷವಾಗಿತ್ತು. ಕೇಳಲು ಬಂದವರಲ್ಲಿ ಮಾರ್ಗರೆಟ್ಟೂ ಒಬ್ಬರು. ಹೋದ ಕೂಡಲೇ ಮನಸೋತು ಪಾದಕ್ಕೆ ಬಿದ್ದರು ಅಂದುಕೊಳ್ಳಬೇಡಿ. ಇದರಲ್ಲಿ ಹೊಸದೇನೂ ಇಲ್ಲ ಅಂತ ಅನಿಸಿಕೊಂಡೇ ಅವರು ಮನೆಗೆ ಹೋದದ್ದು. ಆದರೆ ಕೇಳಿದ ಮಾತು ಆ ವಾರವೆಲ್ಲ ಬಿಡದೆ ಕಾಡಿತು. ಮತ್ತೆ ಹೋದರು, ಪ್ರಶ್ನೆ ಹಾಕಿದರು, ವಾದ ಮಾಡಿದರು. ಒಪ್ಪಿಕೊಳ್ಳುವುದಕ್ಕೆ ತಿಂಗಳುಗಳೇ ಹಿಡಿದವು. ಭಾರತಕ್ಕೆ ಬರುವುದಾದರೆ ಬಡತನ, ಸೆಕೆ, ಮೈಲಿಗೆಯ ನೋಟ, ಬಿಳಿಯರ ತಾತ್ಸಾರ ಎಲ್ಲವನ್ನೂ ಸಹಿಸಬೇಕಾಗುತ್ತದೆ ಎಂದು ಸ್ವಾಮೀಜಿ ಮೊದಲೇ ಪತ್ರ ಬರೆದು ಎಚ್ಚರಿಸಿದ್ದರು. 1898ರ ಜನವರಿ 28ರಂದು ಹಡಗು ಕಲಕತ್ತೆಗೆ ಬಂದು ಮುಟ್ಟಿತು.

ಮಾರ್ಚ್ 17ರಂದು ಶ್ರೀಮಾತೆ ಶಾರದಾದೇವಿಯವರ ದರ್ಶನವಾಯಿತು. ಹಳ್ಳಿಯ ಸಂಪ್ರದಾಯಸ್ಥ ಬ್ರಾಹ್ಮಣ ವಿಧವೆ, ಇಂಗ್ಲಿಷಿನ ಗಂಧವಿಲ್ಲದ ತಾಯಿ, ಈ ವಿದೇಶೀ ಹೆಂಗಸರ ಜೊತೆ ಕೂತು ಫಲಾಹಾರ ಮಾಡಿದರು. ಆ ಕಾಲದ ಕಟ್ಟುಕಟ್ಟಳೆ ಬಲ್ಲವರಿಗೆ ಇದು ಎಂಥ ದೊಡ್ಡ ಸಂಗತಿ ಎಂದು ತಿಳಿಯುತ್ತದೆ. ವಿವೇಕಾನಂದರೇ ಬೆರಗಾದರು. ವಾರ ಕಳೆದು ಮಾರ್ಚ್ 25ರಂದು ಬ್ರಹ್ಮಚರ್ಯ ದೀಕ್ಷೆಯಾಗಿ ಮಾರ್ಗರೆಟ್ ನಿವೇದಿತಾ ಆದರು, ಅಂದರೆ ದೇವರಿಗೆ ಅರ್ಪಿತಳಾದವಳು. ತಾಯಿ ಹೊತ್ತ ಹರಕೆ ಹೀಗೆ ಸಂದಿತು.

ಹೆಸರು ಬದಲಾದ ಮಾತ್ರಕ್ಕೆ ಮನಸ್ಸು ಬದಲಾಗುತ್ತದೆಯೇ? ದೀಕ್ಷೆಯಾದ ಮೇಲೂ ಆಕೆಗೆ ಇಂಗ್ಲೆಂಡಿನ ಬಾವುಟವೆಂದರೆ ಪ್ರಾಣ. ಇದು ಸ್ವಾಮೀಜಿಗೆ ತಿಳಿದುಹೋಯಿತು. ಆ ಬೇಸಿಗೆ ಅಲ್ಮೋರಾದಲ್ಲಿ ದಿನಬೆಳಗಾದರೆ ಗುರುಶಿಷ್ಯರ ನಡುವೆ ತಿಕ್ಕಾಟ. ಹಿಂದೂಗಳ ಬದುಕನ್ನು ಪಾಶ್ಚಾತ್ಯ ಕನ್ನಡಕದಿಂದ ನೋಡಿ ತೂಗುವ ಅಭ್ಯಾಸವನ್ನು ಅವರು ಬಿಡದೆ ಖಂಡಿಸುತ್ತಿದ್ದರು. ಆಕೆ ಎಷ್ಟೋ ದಿನ ಕಣ್ಣೀರಿಟ್ಟದ್ದುಂಟು. ಕೊನೆಗೆ ಜೊತೆಯಲ್ಲಿದ್ದ ಅಮೆರಿಕದ ಮಹಿಳೆಯೊಬ್ಬರು ಮಧ್ಯೆ ಬಂದು ಮಾತಾಡಿದ ಮೇಲೆ ಸ್ವಾಮೀಜಿ ಮೆತ್ತಗಾಗಿ, ಶಿಷ್ಯೆಯ ತಲೆ ಮುಟ್ಟಿ ಆಶೀರ್ವದಿಸಿದರು.

ಅಲ್ಲಿಂದ ಕಾಶ್ಮೀರ. ಅಮರನಾಥ ಯಾತ್ರೆಗೆ ತಾನೂ ಹೊರಡುವುದೆಂದು ಸ್ವಾಮೀಜಿ ನಿಶ್ಚಯಿಸಿದಾಗ ನಿವೇದಿತಾರನ್ನು ಮಾತ್ರ ಜೊತೆಗೆ ಕರೆದುಕೊಂಡರು. ಉಳಿದ ಸಂಗಡಿಗರು ಪಹಲ್ಗಾಮಿನಲ್ಲೇ ನಿಂತರು. ಡೇರೆಯ ಜಗಳ ಎದ್ದದ್ದು ಈ ದಾರಿಯಲ್ಲೇ. ಸ್ವಾಮೀಜಿಗೆ ಸಿಟ್ಟು ಬಂದಿತ್ತು. ಆದರೆ ಒಬ್ಬ ನಾಗಾಸಾಧು ಹತ್ತಿರ ಬಂದು, ನಿಮ್ಮಲ್ಲಿ ಶಕ್ತಿ ಇದೆ ನಿಜ, ಅದನ್ನು ತೋರಿಸಬಾರದು ಅಂತ ವಿನಯವಾಗಿ ಹೇಳಿದಾಗ ಅವರು ತಟಕ್ಕನೆ ಒಪ್ಪಿ ಡೇರೆ ತೆಗೆಸಿದರು. ಅದೇ ಮಧ್ಯಾಹ್ನ ಶಿಷ್ಯೆಯನ್ನು ಸಾಧುಗಳ ಬಿಡಾರಗಳಿಗೆಲ್ಲ ಕರೆದುಕೊಂಡು ಹೋಗಿ ಭಿಕ್ಷೆ ಕೊಡಿಸಿ ಆಶೀರ್ವಾದ ಮಾಡಿಸಿದರು. ಮಾರನೇ ದಿನ ಆಕೆಯ ಡೇರೆಗೆ ಬಿಡಾರದ ಮುಂಭಾಗದಲ್ಲೇ ಒಳ್ಳೆಯ ಜಾಗ ಸಿಕ್ಕಿತು! ಯಾತ್ರೆಯ ಉಸ್ತುವಾರಿ ನೋಡುತ್ತಿದ್ದ ತಹಸೀಲ್ದಾರರು ಮುಸಲ್ಮಾನರು. ಅವರೂ ಅವರ ಸಿಪಾಯಿಗಳೂ ಸ್ವಾಮೀಜಿಯ ಮಾತು ಕೇಳಲು ದಿನವೂ ಬಂದು ಕೂರುತ್ತಿದ್ದರು.

ಚಂದನವಾಡಿಯಲ್ಲಿ ಮೊದಲ ಹಿಮದ ಹಾಸು ಸಿಕ್ಕಿದಾಗ ಅದನ್ನು ಕಾಲ್ನಡಿಗೆಯಲ್ಲೇ ದಾಟಬೇಕೆಂದು ಗುರುಗಳ ಅಪ್ಪಣೆಯಾಯಿತು. ಮುಂದೆ ಪಂಚತರಣಿ. ಅಲ್ಲಿ ಐದು ತೊರೆಗಳಲ್ಲಿ ಒಂದಾದ ಮೇಲೊಂದರಂತೆ ಒದ್ದೆ ಬಟ್ಟೆಯಲ್ಲೇ ಮಿಂದು ಹೋಗುವುದು ಪದ್ಧತಿ. ಆ ಚಳಿಯಲ್ಲಿ ಬೇಡವೆಂದು ಶಿಷ್ಯೆ ತಡೆದಾಳೆಂದು ಸ್ವಾಮೀಜಿ ಆಕೆಯ ಕಣ್ಣು ತಪ್ಪಿಸಿ ಐದರಲ್ಲೂ ಸ್ನಾನ ಮುಗಿಸಿಬಂದರು. ಆಗಸ್ಟ್ 2, ರಕ್ಷಾಬಂಧನದ ಹುಣ್ಣಿಮೆ. ಗುಹೆಯ ನೆರಳಿನಲ್ಲಿ ಹಿಮಲಿಂಗ ಬೆಳ್ಳಗೆ ಹೊಳೆಯುತ್ತಿತ್ತು. ಸ್ವಾಮೀಜಿ ಮೈಗೆಲ್ಲ ಭಸ್ಮ ಬಳಿದುಕೊಂಡು ಒಳಬಂದು ಅಡ್ಡಬಿದ್ದರು. ಸಾಕ್ಷಾತ್ ಶಿವನ ದರ್ಶನವಾಯಿತೆಂದೂ ಇಚ್ಛಾಮರಣದ ವರ ಸಿಕ್ಕಿತೆಂದೂ ಆಮೇಲೆ ತಿಳಿಸಿದರು.

ನಿವೇದಿತಾಗೆ? ಏನೂ ಆಗಲಿಲ್ಲ. ಅಷ್ಟು ಕಷ್ಟಪಟ್ಟು ಹತ್ತಿ ಬಂದು, ಗುರುಗಳ ಪಕ್ಕದಲ್ಲೇ ನಿಂತು, ಅವರು ಕಂಡದ್ದರಲ್ಲಿ ಒಂದು ಕಣವೂ ತನಗೆ ಕಾಣಲಿಲ್ಲವೆಂದು ಆಕೆ ನೊಂದುಕೊಂಡರು, ಅದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟರು. ಬೆಟ್ಟ ಹತ್ತಿ ಬರಿಗೈಲಿ ಇಳಿದ ಅನುಭವ ಯಾವ ಯಾತ್ರಿಕರಿಗೆ ಇರುವುದಿಲ್ಲ! ಸ್ವಾಮೀಜಿ ಗದರಲಿಲ್ಲ. ಯಾತ್ರೆ ಮಾಡಿಯಾಗಿದೆ, ಅದು ತನ್ನ ಕೆಲಸ ತಾನು ಮಾಡುತ್ತಲೇ ಇರುತ್ತದೆ, ಅರ್ಥ ಮುಂದೆ ತಿಳಿಯುತ್ತದೆ ಎಂಬ ಭಾವದಲ್ಲಿ ಸಮಾಧಾನ ಹೇಳಿದರು.

ಕೆಲಸ ಶುರುವಾದದ್ದು ಕಲಕತ್ತೆಯ ಬಾಗ್‌ಬಜಾರಿನ ಇಕ್ಕಟ್ಟು ಗಲ್ಲಿಯಲ್ಲಿ. 1898ರ ನವೆಂಬರ್ 13, ಕಾಳೀಪೂಜೆಯ ದಿನ, ಬೋಸ್‌ಪಾರಾ ಗಲ್ಲಿಯ ಹದಿನಾರನೇ ನಂಬರಿನ ಮನೆಯಲ್ಲಿ ಶಾರದಾದೇವಿಯವರೇ ಪೂಜೆ ಮಾಡಿ ಹೆಣ್ಣುಮಕ್ಕಳ ಶಾಲೆ ತೆರೆದರು. ಮನೆಮನೆಗೆ ಹೋಗಿ ಹುಡುಗಿಯರನ್ನು ಕಳಿಸಿ ಎಂದು ಬೇಡಬೇಕಿತ್ತು. 1899ರ ಪ್ಲೇಗಿನಲ್ಲಿ ಪೊರಕೆ ಹಿಡಿದು ಬೀದಿ ಗುಡಿಸಲು ಆಕೆಯೇ ಇಳಿದಾಗ, ನಿಂತು ನೋಡುತ್ತಿದ್ದ ಪಡ್ಡೆ ಹುಡುಗರು ನಾಚಿ ಕೈಹಾಕಿದರು. ಗುಡಿಸಲೊಂದರಲ್ಲಿ ಪ್ಲೇಗು ತಗುಲಿದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದನ್ನು ಡಾಕ್ಟರ್ ರಾಧಾಗೋಬಿಂದ ಕರ್ ಕಣ್ಣಾರೆ ಕಂಡಿದ್ದರು. ಆ ಮಗು ಉಳಿಯಲಿಲ್ಲ.

ಅದೇ ವರ್ಷದ ಫೆಬ್ರವರಿ 13ರಂದು ಕಲಕತ್ತೆಯ ಆಲ್ಬರ್ಟ್ ಹಾಲಿನಲ್ಲಿ ಕಾಳೀಪೂಜೆಯ ಬಗ್ಗೆ ಆಕೆ ಭಾಷಣ ಮಾಡಿದರು. ಆಗ ಎದ್ದು ವಿರೋಧಿಸಿದವರು ಪಾದ್ರಿಗಳಲ್ಲ, ನಮ್ಮವರೇ ಆದ ಹೆಸರಾಂತ ವೈದ್ಯ ಮಹೇಂದ್ರಲಾಲ್ ಸರ್ಕಾರ್. ತಾವು ಬಿಡಿಸಲು ಹೊರಟ ಮೂಢನಂಬಿಕೆಯನ್ನು ವಿದೇಶೀಯರು ಬಂದು ಮತ್ತೆ ಬಿತ್ತುತ್ತಿದ್ದಾರೆ ಎಂಬುದು ಅವರ ಸಂಕಟ. ಸಭೆಯಲ್ಲಿ ಗದ್ದಲವೋ ಗದ್ದಲ. ಕಾಳೀಘಾಟಿನ ದೇವಸ್ಥಾನದವರು ಮಾತ್ರ ಆಕೆಯನ್ನು ಕರೆಸಿಕೊಂಡರು. ಮೇ 28ರಂದು ಅಲ್ಲಿ ಮಾತಾಡಿದರು. ಕೇಳುವವರು ಯಾರೇ ಆಗಲಿ, ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರಬೇಕೆಂದು ಸ್ವಾಮೀಜಿ ಕಟ್ಟು ಮಾಡಿದ್ದರು.

ಶಾಲೆಗೆ ಹಣ ಕೂಡಿಸಲು ಅಮೆರಿಕಕ್ಕೆ ಹೋದಾಗ ಬೇರೆಯದೇ ಅನುಭವ. ಹಿಂದೂ ತಾಯಂದಿರು ಮಕ್ಕಳನ್ನು ಮೊಸಳೆಗೆ ಎಸೆಯುತ್ತಾರೆ ಎಂಬ ಕಥೆಗಳನ್ನು ನಂಬಿದ ಜನ ಅಲ್ಲಿದ್ದರು. ಅವರಿಗೆ ಆಕೆ ಬಾಗ್‌ಬಜಾರಿನ ಅಜ್ಜಿಯರ ದಿನಚರಿ, ತುಳಸಿಕಟ್ಟೆಯ ದೀಪ, ಧ್ರುವ ಪ್ರಹ್ಲಾದರ ಕಥೆ ಹೇಳಿದರು. 1904ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ದಿ ವೆಬ್ ಆಫ್ ಇಂಡಿಯನ್ ಲೈಫ್ ಎಂಬ ಪುಸ್ತಕ ನಮ್ಮ ಮನೆತನದ ಬಾಳುವೆಯನ್ನು ಒಳಗಿನಿಂದ ಕಂಡು ಬರೆದದ್ದು. ಬರೀ ಹೊಗಳಿದ್ದಾರೆ ಎಂಬ ಟೀಕೆ ಬಂತು. ಅದು ಪೂರ್ತಿ ಸುಳ್ಳಲ್ಲ. ವಿಧವೆಯರ ಪಾಡನ್ನೂ ಜಾತಿಯ ಬಿಗಿಯನ್ನೂ ಬರೆಯುವಾಗ ಆಕೆಯ ಲೇಖನಿ ಸ್ವಲ್ಪ ಮೃದುವಾಯಿತು. ಆದರೂ ಪರರು ನಮ್ಮನ್ನು ಕೀಳಾಗಿ ಕಾಣುತ್ತಿದ್ದ ದಿನಗಳಲ್ಲಿ, ಇಲ್ಲೇ ವಾಸವಿದ್ದು, ಇಲ್ಲಿನ ನೀರು ಕುಡಿದು ಬರೆದವರು ಎಷ್ಟು ಜನ?

1902ರ ಜುಲೈ 4ರಂದು ಸ್ವಾಮೀಜಿ ದೇಹ ಬಿಟ್ಟರು. ಸ್ವಾತಂತ್ರ್ಯದ ಕೆಲಸಕ್ಕೆ ಕೈಹಾಕಿದ್ದರಿಂದ ಸಂಘಕ್ಕೆ ತೊಂದರೆಯಾಗದಿರಲೆಂದು ನಿವೇದಿತಾ ಹೊರಗೆ ಬಂದರು. ಗಲ್ಲಿ ಬಿಡಲಿಲ್ಲ, ಶಾಲೆ ಬಿಡಲಿಲ್ಲ. 1906ರಲ್ಲಿ ಪೂರ್ವಬಂಗಾಳದ ಬರದಲ್ಲಿ ನೆರೆನೀರಿನ ನಡುವೆ ಹಳ್ಳಿಹಳ್ಳಿ ಸುತ್ತಿ ಆರೋಗ್ಯ ಕೆಡಿಸಿಕೊಂಡರು.

1910ರ ಬೇಸಿಗೆಯಲ್ಲಿ ಮತ್ತೆ ಬೆಟ್ಟದ ಯಾತ್ರೆ. ವಿಜ್ಞಾನಿ ಜಗದೀಶಚಂದ್ರ ಬೋಸ್ ಮತ್ತು ಅವರ ಪತ್ನಿ ಅಬಲಾ ಬೋಸರ ಜೊತೆ ಕೇದಾರ, ಬದರಿಗೆ ಹೋದರು. ಈ ಸಲ ಬರೆದ ಯಾತ್ರೆಯ ದಿನಚರಿ ಪುಸ್ತಕವಾಗಿ ಬಂದಿದೆ. ಅದರಲ್ಲಿ ತನಗೆ ದರ್ಶನವಾಯಿತೇ ಇಲ್ಲವೇ ಎಂಬ ಲೆಕ್ಕವಿಲ್ಲ. ದಾರಿಯಲ್ಲಿ ಎದುರಾದವರು ದೇವರ ಜಯಕಾರ ಹಾಕಿಯೇ ಪರಸ್ಪರ ಮಾತಾಡಿಸುವುದು, ಮುದುಕಿಯರು ಧೈರ್ಯವಾಗಿ ಹತ್ತುವುದು, ಹಳೆಯ ಗುಡಿಗಳ ಕೆತ್ತನೆ, ಇವೇ ತುಂಬಿಕೊಂಡಿವೆ.

ಮರುವರ್ಷ ಬೋಸ್ ದಂಪತಿಗಳೊಡನೆ ಡಾರ್ಜಿಲಿಂಗಿಗೆ ಹೋದಾಗ ರಕ್ತಭೇದಿ ಹಿಡಿಯಿತು. ಉಯಿಲು ಬರೆಸಿ, ತನ್ನದೆಂಬುದನ್ನೆಲ್ಲ ಹೆಣ್ಣುಮಕ್ಕಳ ವಿದ್ಯೆಗಾಗಿ ಬೇಲೂರು ಮಠಕ್ಕೆ ಬಿಟ್ಟರು. 1911ರ ಅಕ್ಟೋಬರ್ 13ರ ಬೆಳಿಗ್ಗೆ ಪ್ರಾಣ ಹೋಯಿತು. ಆಗ ವಯಸ್ಸು ನಲವತ್ತನಾಲ್ಕು ತುಂಬಿರಲಿಲ್ಲ. ಹಿಂದೂ ವಿಧಿಯಂತೆ ದಹನ ನಡೆಯಿತು, ಊರಿಗೆ ಊರೇ ಹಿಂದೆ ಬಂದಿತ್ತು. ವಿಂಬಲ್ಡನ್ನಿನಲ್ಲಿ ಆಕೆ ವಾಸವಿದ್ದ ಜಾಗಕ್ಕೆ 2017ರಲ್ಲಿ ನೀಲಿ ಫಲಕ ಹಾಕಿದ್ದಾರೆ. ಬಾಗ್‌ಬಜಾರಿನ ಶಾಲೆ ಆಕೆಯ ಹೆಸರಿನಲ್ಲೇ ನಡೆಯುತ್ತಿದೆ. ಡಾರ್ಜಿಲಿಂಗಿಗೆ ಹೋದವರು ರೈಲು ನಿಲ್ದಾಣದಿಂದ ಕೆಳಕ್ಕೆ ಇಳಿದರೆ ಆಕೆಯ ಸ್ಮಾರಕ ಸಿಗುತ್ತದೆ. ತನ್ನ ಸರ್ವಸ್ವವನ್ನೂ ಭಾರತಕ್ಕೆ ಕೊಟ್ಟವರು ಇಲ್ಲಿ ವಿಶ್ರಮಿಸುತ್ತಿದ್ದಾರೆ ಎಂಬ ಅರ್ಥದ ಬರಹ ಅದರ ಮೇಲಿದೆ.