ಅಕ್ಕಸಾಲಿ ಅಖೋ

ಅಹಮದಾಬಾದಿನ ಹಳೇ ಊರಲ್ಲಿ ಓಣಿಗೆ ಪೋಳ ಅಂತಾರೆ. ಹೊರಗೊಂದು ದೊಡ್ಡ ಬಾಗಿಲು, ಒಳಗೆ ಗೋಡೆಗೆ ಗೋಡೆ ಒತ್ತಿಕೊಂಡ ಮನೆಗಳು. ಖಾಡಿಯಾ ಭಾಗದ ದೇಸಾಯಿ ಪೋಳದ ಒಂದು ಕೋಣೆಗೆ ಅಖೋನ ಕೋಣೆ ಎಂಬ ಹೆಸರು ನಿಂತಿದೆ. 17ನೆಯ ಶತಮಾನದಲ್ಲಿ ಬಾಳಿದ ಅಖೋ ಭಗತ ಗುಜರಾತಿ ಸಾಹಿತ್ಯದ ದೊಡ್ಡ ಜ್ಞಾನಿಕವಿ, ಕಸುಬಿನಿಂದ ಅಕ್ಕಸಾಲಿ. ಸರ್ವಜ್ಞನನ್ನು ಬಲ್ಲ ನಮಗೆ ಅವನ ಪರಿಚಯ ಸುಲಭ. ಸರ್ವಜ್ಞನಿಗೆ ಮೂರು ಸಾಲಿನ ತ್ರಿಪದಿ ಹೇಗೋ, ಅಖೋನಿಗೆ ಆರು ಸಾಲಿನ ಛಪ್ಪಾ ಹಾಗೆ. ಆದರೆ ಇಲ್ಲಿ ನಾನು ಹೇಳಹೊರಟಿದ್ದು ಅವನ ಬಾಳು ಎತ್ತುವ ಒಂದು ಪ್ರಶ್ನೆಯನ್ನು: ತಪ್ಪು ಮಾಡದವನ ಮೇಲೆ ಅನುಮಾನ ಬಿದ್ದರೆ ಅವನು ಏನು ಮಾಡಬೇಕು?

ಅವನು ಹತ್ತಿರದ ಜೇತಲಪುರದವನು. ತಂದೆಯ ಜೊತೆ ಅಹಮದಾಬಾದಿಗೆ ಬಂದ. ತಂದೆ, ತಂಗಿ, ಹೆಂಡತಿ ಒಬ್ಬರ ಹಿಂದೊಬ್ಬರು ತೀರಿಹೋದರೆಂದು ಪರಂಪರೆ ಹೇಳುತ್ತದೆ. ಕಾಲವೂ ಒಳ್ಳೆಯದಿರಲಿಲ್ಲ. 1630ರಿಂದ 1632ರವರೆಗೆ ಗುಜರಾತನ್ನೂ ದಖನ್ನನ್ನೂ ಹಾಳುಗೆಡವಿದ ಮಹಾಕ್ಷಾಮ ಅವನ ಜೀವಮಾನದಲ್ಲೇ ಬಂದದ್ದು.

ಅವನ ಬಗ್ಗೆ ಹೇಳುವ ಕಥೆ ಎರಡು. ಅವನು ತಂಗಿಯೆಂದು ಭಾವಿಸಿದ್ದ ಜಮುನಾ ಎಂಬಾಕೆ ಅವನ ಹತ್ತಿರ ಮುನ್ನೂರು ರೂಪಾಯಿ ಇಟ್ಟಿದ್ದಳು. ಆ ಹಣಕ್ಕೆ ಕಂಠಿ ಮಾಡಿಕೊಡು ಅಂದಳು. ಇವನು ಪ್ರೀತಿಯಿಂದ ತನ್ನದೇ ನೂರು ರೂಪಾಯಿಯ ಚಿನ್ನ ಸೇರಿಸಿ ಮಾಡಿಕೊಟ್ಟ. ಆಕೆಗೆ ಅನುಮಾನ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತ ನಮ್ಮಲ್ಲೂ ಹೇಳೋದಿಲ್ವೆ! ಬೇರೆಯವನ ಹತ್ತಿರ ಕೊಟ್ಟು ಕೊಯ್ಯಿಸಿ ನೋಡಿದಳು. ಚಿನ್ನ ಅಪ್ಪಟವಾಗಿತ್ತು. ಕೊಯ್ದದ್ದನ್ನು ಸರಿಮಾಡಿಸಲು ಮತ್ತೆ ಇವನ ಬಳಿಗೇ ತಂದಾಗ ನಿಜ ಹೊರಬಿತ್ತು. ಎರಡನೆಯದು ಮೊಗಲರ ಟಂಕಸಾಲೆಯದು. ಅಲ್ಲಿ ಕೆಲಸಕ್ಕಿದ್ದಾಗ ನಾಣ್ಯಕ್ಕೆ ಬೆರಕೆ ಹಾಕಿದನೆಂದು ದೂರು ಹೋಯಿತು. ವಿಚಾರಣೆಯಲ್ಲಿ ನಿರ್ದೋಷಿ ಎಂದು ಬಿಡುಗಡೆಯಾಯಿತು. ಅಖೋ ಉಪಕರಣಗಳನ್ನೆಲ್ಲ ಎಸೆದು ಊರು ಬಿಟ್ಟು ಹೊರಟ. ಕಥೆಗಳು ಅಕ್ಷರಶಃ ನಿಜವೋ ಅಲ್ಲವೋ, ಜನ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಅವನನ್ನು ನೆನಪಿಟ್ಟುಕೊಂಡದ್ದು ಹೀಗೆ.

ಇದನ್ನು ಓದುವಾಗ ನನಗೆ ಗ್ರೀಸಿನ ಜೀನೋ ನೆನಪಾಗುತ್ತಾನೆ. ಅವನು ವ್ಯಾಪಾರಿ, ಹಡಗು ಒಡೆದು ಸರಕೆಲ್ಲ ಮುಳುಗಿದ ಮೇಲೆ ತತ್ತ್ವಶಾಸ್ತ್ರದ ಕಡೆ ತಿರುಗಿದನಂತೆ. ಕ್ರಿ.ಪೂ. 300ರ ಸುಮಾರಿಗೆ ಅಥೆನ್ಸಿನ ಒಂದು ಚಿತ್ರಮಂಟಪದಲ್ಲಿ ಪಾಠ ಹೇಳತೊಡಗಿದ. ಆ ಮಂಟಪಕ್ಕೆ ಸ್ಟೋವಾ ಎಂದು ಹೆಸರು, ಅದರಿಂದಲೇ ಸ್ಟೋಯಿಕ್ ಪಂಥ. ಮುಂದೆ ರೋಮಿನಲ್ಲಿ ಗುಲಾಮನಾಗಿದ್ದ ಎಪಿಕ್ಟೆಟಸ್ ಈ ಮತವನ್ನು ಬಿಡಿಸಿ ಹೇಳಿದ. ನಮ್ಮ ತೀರ್ಮಾನ, ನಮ್ಮ ನಡತೆ ನಮ್ಮ ಕೈಲಿವೆ. ಹಣ, ಮೈ, ಮಾನ, ಜನರ ಮಾತು ನಮ್ಮ ಕೈಲಿಲ್ಲ. ಕೈಲಿಲ್ಲದ್ದಕ್ಕೆ ನೆಮ್ಮದಿಯನ್ನು ಅಡವಿಟ್ಟವನು ಸದಾ ಸಾಲಗಾರ.

ಈ ಲೆಕ್ಕದಲ್ಲಿ ಅಖೋನನ್ನು ತೂಗೋಣ. ಚಿನ್ನ ಶುದ್ಧವಾಗಿರಬೇಕು ಎಂಬುದು ಅವನ ಕೈಲಿತ್ತು, ಅದನ್ನು ಅವನು ಉಳಿಸಿಕೊಂಡ. ಜಮುನಾ ನಂಬುತ್ತಾಳೋ ಇಲ್ಲವೋ ಅವನ ಕೈಲಿರಲಿಲ್ಲ, ಅದೇ ಅವನನ್ನು ಕೊಯ್ದದ್ದು. ಹಾಗಾದರೆ ಸ್ಟೋಯಿಕನೊಬ್ಬ ಕೇಳಿಯಾನು: ಉಪಕರಣ ಯಾಕಪ್ಪಾ ಎಸೆದೆ? ಕಾಯಕವನ್ನು ನಂಬಿದ ನಮ್ಮ ಶರಣರೂ ಅದನ್ನೇ ಕೇಳಿಯಾರು. ನೋವಿಗೆ ಬೆನ್ನು ತೋರಿಸಿ ಓಡಿದನೇ? ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಹೊರಟ ದಿನದ ಅಖೋ ನೊಂದವನು, ಮುಕ್ತನಲ್ಲ.

ಮುಕ್ತಿ ಬಂದದ್ದು ಆಮೇಲೆ, ನಿಧಾನವಾಗಿ. ಗೋಕುಲಕ್ಕೆ ಹೋಗಿ ಗೋಕುಲನಾಥರನ್ನು ಗುರುವೆಂದು ಒಪ್ಪಿದ. ಮನಸ್ಸು ತಣಿಯಲಿಲ್ಲ, ಹಾಗೆಂದು ಅವನೇ ಹಾಡಿಕೊಂಡಿದ್ದಾನೆ. ಕಾಶಿಗೂ ಹೋಗಿ ವೇದಾಂತ ಕೇಳಿದನೆಂಬ ಪ್ರತೀತಿ ಇದೆ. ಧರ್ಮದ ಪೇಟೆಯಲ್ಲೂ ಬೆರಕೆಯೇ ಹೆಚ್ಚು ಎಂದು ಅವನಿಗೆ ಕಂಡಿತು. ತಿಲಕ, ಮಾಲೆ, ತೀರ್ಥಯಾತ್ರೆ, ಒಣ ಪಾಂಡಿತ್ಯ, ಮಡಿಮೈಲಿಗೆ ಎಲ್ಲವನ್ನೂ ಛಪ್ಪಾಗಳಲ್ಲಿ ಒರೆಗೆ ಹಚ್ಚಿದ. ಅಂದರೆ ಉಪಕರಣ ಬಿಟ್ಟರೂ ಒರೆಗಲ್ಲನ್ನು ಬಿಡಲಿಲ್ಲ. ಹಿಂದೆ ಜನ ಅವನ ಚಿನ್ನವನ್ನು ಪರೀಕ್ಷಿಸುತ್ತಿದ್ದರು. ಈಗ ಅವನು ಜನರ ನಂಬಿಕೆಯನ್ನು, ಎಲ್ಲಕ್ಕಿಂತ ಮೊದಲು ತನ್ನ ನಂಬಿಕೆಯನ್ನು, ಪರೀಕ್ಷಿಸಿದ. 1649ರಲ್ಲಿ ಮುಗಿಸಿದ ಅಖೇಗೀತಾ ಅವನ ತತ್ತ್ವದ ಪೂರ್ಣರೂಪ. ಅದು ಅದ್ವೈತ, ಸ್ಟೋಯಿಕ್ ಮತವಲ್ಲ. ಆದರೆ ಹೊರಗಿನ ಹೊಗಳಿಕೆಗೆ ಕೈಯೊಡ್ಡದ ಗಟ್ಟಿತನ ಎರಡರಲ್ಲೂ ಒಂದೇ.

1941ರಲ್ಲಿ ಉಮಾಶಂಕರ ಜೋಶಿಯವರು ಅಖೋನ ಮೇಲೆ ಒಂದು ಅಧ್ಯಯನ ಗ್ರಂಥ ಬರೆದರು. 1967ರ ಜ್ಞಾನಪೀಠವನ್ನು ನಮ್ಮ ಕುವೆಂಪು ಅವರೊಡನೆ ಹಂಚಿಕೊಂಡವರು ಇವರೇ.

ಮಿತ್ರರೇ, ನಮ್ಮನ್ನೂ ಯಾರೋ ಅನುಮಾನಿಸಿಯಾರು; ಪರೀಕ್ಷೆಯಲ್ಲಿ, ಸ್ನೇಹದಲ್ಲಿ, ನಾಳೆ ನೌಕರಿಯಲ್ಲಿ. ಆಗ ನೋವಾಗದೆ ಇರುವುದಿಲ್ಲ. ಅಖೋನಿಗೂ ಆಯಿತು. ಆದರೆ ಅವರು ಕೊಯ್ದು ನೋಡಿದಾಗ ಒಳಗೆ ಏನಿರಬೇಕು ಎಂಬುದಷ್ಟು ಮಾತ್ರ ನಮ್ಮ ಕೈಲಿದೆ.