ಚಂದ್ರನ ಧೂಳನ್ನು ಭೂಮಿಯಿಂದಲೇ ಗುರುತಿಸಿದ ಬರ್ನಾರ್ ಲಿಯೊ

ಫ್ರಾನ್ಸಿನ ಖಗೋಳ ವಿಜ್ಞಾನಿ ಬರ್ನಾರ್ ಲಿಯೊ 1897ರ ಫೆಬ್ರವರಿ 27ರಂದು ಪ್ಯಾರಿಸ್‌ನಲ್ಲಿ ಜನಿಸಿದರು. 1920ರಿಂದ ಮ್ಯೂಡಾನ್ ವೀಕ್ಷಣಾಲಯದಲ್ಲಿ ಸೇವೆ ಸಲ್ಲಿಸಿದರು. ಚಂದ್ರನ ನೆಲ ಬಂಡೆಯೋ, ಪುಡಿಯೋ ಎಂಬುದು ಅಂದು ಖಚಿತವಿರಲಿಲ್ಲ. ಅಲ್ಲಿನ ಒಂದು ಚಿಟಿಕೆ ಮಣ್ಣೂ ಸಿಗುವಂತಿರಲಿಲ್ಲ. ಸಿಗುತ್ತಿದ್ದುದು ಬೆಳದಿಂಗಳು ಮಾತ್ರ.

ಬೆಳಕು ವಸ್ತುವಿನ ಮೇಲೆ ಬಿದ್ದು ಮರಳುವಾಗ ಅದರ ಅಲೆಗಳ ಕಂಪನ ಒಂದು ದಿಕ್ಕಿನಲ್ಲಿ ತುಸು ಹೆಚ್ಚಾಗಿರುತ್ತದೆ. ವಿದ್ಯಾರ್ಥಿಗಳು ಪಠ್ಯದಲ್ಲಿ ಓದುವ ಧ್ರುವೀಕರಣ ಇದೇ. ಸಾವಿರದಲ್ಲಿ ಒಂದು ಪಾಲಿನಷ್ಟು ಧ್ರುವೀಕರಣವನ್ನೂ ಗುರುತಿಸುವ ಉಪಕರಣವನ್ನು ಲಿಯೊ ತಾವೇ ರೂಪಿಸಿದರು. ಬಾಲಚಂದ್ರನಿಂದ ಹುಣ್ಣಿಮೆಯವರೆಗೆ ಚಂದ್ರನ ಬೆಳಕನ್ನು ಅಳೆದರು. ಬಳಿಕ ಪ್ರಯೋಗಾಲಯದಲ್ಲಿ ಮರಳು, ಜೇಡಿಮಣ್ಣು, ಜ್ವಾಲಾಮುಖಿಯ ಬೂದಿ ಹೀಗೆ ಒಂದೊಂದರ ಮೇಲೂ ಬೇರೆ ಬೇರೆ ಕೋನಗಳಿಂದ ಬೆಳಕು ಹಾಯಿಸಿ ಅದೇ ರೀತಿ ಅಳೆದರು. ಬೇಸರ ತರಿಸುವ ಕೆಲಸವೇ ಸರಿ! ಕೊನೆಗೆ ಚಂದ್ರನಿಗೆ ಹೊಂದಿದ್ದು ಜ್ವಾಲಾಮುಖಿಯ ಬೂದಿ. 1929ರಲ್ಲಿ ಅವರ ಡಾಕ್ಟರೇಟ್ ಪ್ರಬಂಧ ಹೊರಬಂತು.

ಗ್ರಹಣವಿಲ್ಲದೆಯೇ ಸೂರ್ಯನ ಹೊರವಲಯವನ್ನು ತೋರಿಸುವ ಕರೋನಾಗ್ರಾಫ್ 1930ರಲ್ಲಿ ಅವರಿಗೆ ಹೆಸರು ತಂದಿತು. ಚಂದ್ರನ ಕೆಲಸ ಅದರ ಮರೆಗೆ ಸರಿದದ್ದು ನ್ಯಾಯವಲ್ಲವೆಂದು ನನ್ನ ಭಾವನೆ.

ಸುಡಾನಿನಲ್ಲಿ ಗ್ರಹಣ ವೀಕ್ಷಿಸಿ ಮರಳುವಾಗ 1952ರ ಏಪ್ರಿಲ್ 2ರಂದು ಹೃದಯಾಘಾತದಿಂದ ನಿಧನರಾದರು. 1969ರಲ್ಲಿ ಅಪೊಲೊ 11 ಸುಮಾರು 21.5 ಕಿಲೋ ಕಲ್ಲುಮಣ್ಣು ತಂದಿತು. ಅದು ಜ್ವಾಲಾಮುಖಿಯ ಬೂದಿಯಲ್ಲ, ಮುಖ್ಯವಾಗಿ ಉಲ್ಕೆಗಳ ಹೊಡೆತಕ್ಕೆ ಪುಡಿಯಾದ ಬಂಡೆ. ಆದರೆ ಯಾತ್ರಿಗಳ ಬೂಟಿನ ಗುರುತು ಮೂಡಿದ್ದು ಬೂದಿಯಂಥ ನುಣ್ಣನೆಯ ಪುಡಿಯ ಮೇಲೆಯೇ.